ನಲವತ್ತು ದಿನದ ವಚನ

ಪೂಜ್ಯ ಉಪದೇಶಿ ಸಮಾಧಾನಪ್ಪನವರನ್ನು ನೆನೆದರೆ ನನ್ನ ಕಣ್ಣಿಗೆ ಮೊದಲು ಬರುವುದು ಅವರು ಬೋಧಿಸುತ್ತಿದ್ದ ಪೀಠವಲ್ಲ, ಅವರು ಮಲಗುತ್ತಿದ್ದ ಚಾಪೆ. ಕರೇಹಳ್ಳದ ನಮ್ಮ ಕ್ರೈಸ್ತ ದೇವಾಲಯದ ಹಿಂದೆ ಹಂಚಿನ ಒಂದು ಕೋಣೆ. ಅದರಲ್ಲಿ ಆ ಚಾಪೆ, ಒಂದು ತಂಬಿಗೆ, ಹೊಲಿಗೆ ಬಿಚ್ಚಿದ ಒಂದು ಸತ್ಯವೇದ, ಅಷ್ಟೇ. ನೇಕಾರರ ಓಣಿಯವರು ಅವರನ್ನು ‘ಅಜ್ಜಾರು’ ಎನ್ನುತ್ತಿದ್ದರು. ನಾನು ಆಗಷ್ಟೇ ಬಿ.ಎ. ಮುಗಿಸಿ ಅಲ್ಲಿನ ಶಾಲೆಗೆ ಮಾಸ್ತರನಾಗಿ ಹೋಗಿದ್ದೆ. ಅಂಥವರ ನೆರಳಿನಲ್ಲಿ ನಾಲ್ಕು ವರ್ಷ ಇದ್ದೆನಲ್ಲ, ಅದನ್ನು ಹೇಳಿಕೊಳ್ಳುವುದೆಂದರೆ ನನಗೆ ಇಂದಿಗೂ ಹಬ್ಬ. ಆದರೆ ಈ ಪ್ರಸಂಗ ಮಾತ್ರ ಕಹಿ. ಕಹಿಯೆಂದು ಬಿಟ್ಟುಬಿಟ್ಟರೆ ಅಜ್ಜಾರನ್ನು ಅರ್ಧವೇ ಹೇಳಿದಂತಾದೀತು.

ನಮ್ಮ ಹೆಡ್‌ಮಾಸ್ತರು ಎಲೀಷ ಅವರು ಪ್ರಾಮಾಣಿಕರು, ಓದಿಕೊಂಡವರು. ಸಭೆಯ ಹಿರಿಯರಲ್ಲಿ ಅವರ ಮಾತೇ ನಡೆಯುತ್ತಿತ್ತು. ಒಂದೇ ಹಟ. ಸಭೆಯಲ್ಲಿ ಯಾವ ಪದ್ಧತಿ ನಡೆದರೂ “ಸತ್ಯವೇದದಾಗ ಎಲ್ಲೈತಿ, ತೋರಸ್ರಿ” ಎನ್ನುವುದು. ಗರಿಗಳ ಭಾನುವಾರ ಉಳಿಯಿತು, ಯೋಹಾನನ ಸುವಾರ್ತೆಯಲ್ಲಿ ಖರ್ಜೂರದ ಗರಿ ಇದೆಯಲ್ಲ! ಕ್ರಿಸ್ಮಸ್ಸಿನ ಬಣ್ಣದ ಕಾಗದದ ನಕ್ಷತ್ರ ಹೋಯಿತು. “ಜ್ಞಾನಿಗಳು ನಕ್ಷತ್ರ ನೋಡಿದ್ದು ಆಕಾಶದಾಗ್ರಿ, ಬಿದಿರಕಡ್ಡಿಮ್ಯಾಲಲ್ಲ” ಎಂದರು. ಸಮಾಧಿಗಳ ಮೇಲೆ ಹಚ್ಚುವ ಮೇಣದಬತ್ತಿಯೂ ಹೋಯಿತು. ಮುದುಕಿಯರು ಅತ್ತರು, ಮಾಸ್ತರು ಕರಗಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಸರಿ. ಬಾಣಂತಿ ನಲವತ್ತು ದಿನ ದೇವಾಲಯದೊಳಗೆ ಬರಬಾರದೆಂಬ ಹಳೆಯ ಪದ್ಧತಿಯೊಂದಿತ್ತು. ಜನ ಅದನ್ನು ಮರೆತೇ ಬಿಟ್ಟಿದ್ದರು. ಅದಕ್ಕೆ ಆಧಾರವಿತ್ತು! ಯಾಜಕಕಾಂಡ, ಹನ್ನೆರಡನೆಯ ಅಧ್ಯಾಯದ ವಚನ. ಮಾಸ್ತರು ಅದನ್ನು ಮತ್ತೆ ತಂದರು.

“ಅದು ಹಳೆಯ ಒಡಂಬಡಿಕೆಯ ಮಾತಲ್ಲವೇ ಸರ್?” ಎಂದು ನಾನೇ ಕೇಳಿದ್ದೆ.

“ಐತೋ ಇಲ್ಲೋ, ಅಷ್ಟ ಹೇಳ್ರಿ.”

ಇತ್ತು. ಹಿರಿಯರು ಒಪ್ಪಿದರು. ಅಜ್ಜಾರು ಮಾತ್ರ, “ಅದು ಯಾರಿಗೆ ಬಡೀತೈತಿ ಅನ್ನೋದು ನೋಡ್ಕೊಳ್ರಿ ಮಾಸ್ತರ” ಎಂದರು.

ಅದು ಬಡಿದದ್ದು ಮಾಸ್ತರ ಮನೆಗೇ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅವರ ಹೆಂಡತಿ ಮಾರ್ಥವ್ವನವರು ಗಂಡುಮಗುವನ್ನು ಹೆತ್ತರು. ಹದಿಮೂರನೆಯ ದಿನ ಮಗು ಜ್ವರದಿಂದ ತೀರಿಕೊಂಡಿತು.

ಮರುದಿನ ಬೆಳಿಗ್ಗೆ ಮಾಸ್ತರು ಪುಟ್ಟ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಮುಂದೆ, ಮಾರ್ಥವ್ವ ಹಿಂದೆ. ದೇವಾಲಯದ ಮೆಟ್ಟಿಲ ಬಳಿ ಹಿರಿಯರೆಲ್ಲ ಮಾಸ್ತರ ಮುಖ ನೋಡಿದರು. ನಾನೂ ನೋಡಿದೆ. ಅವರು ತಿರುಗಿ, ನೆಲ ನೋಡುತ್ತ, “ನೀ ಇಲ್ಲೇ ನಿಂದರು. ಇನ್ನೂ ಇಪ್ಪತ್ತಾರು ದಿನ ಐತಿ” ಎಂದರು.

“ಒಂಬತ್ತು ತಿಂಗಳು ಹೊತ್ತಾಕಿ ನಾನು” ಎಂದರು ಮಾರ್ಥವ್ವ. “ಈ ಇಪ್ಪತ್ತು ಹೆಜ್ಜಿ ಬ್ಯಾಡೇನು?”

“ಬರದೈತಿ ಮಾರ್ಥಾ. ನನ್ನ ಮನಿಗೊಂದು, ಮಂದಿ ಮನಿಗೊಂದು ಮಾಡಾಕ ಬರತೈತೇನು?”

ಈ ಮಾತನ್ನು ಅವರು ಕಲ್ಲುಮನಸ್ಸಿನಿಂದ ಹೇಳಲಿಲ್ಲ. ಆದರೂ ಹೇಳಿದರು. ಬಾಗಿಲು ದಾಟಿ ನಾವೆಲ್ಲ ಒಳಗೆ ಹೋದೆವು. ನಾನೂ ಹೋದೆನಲ್ಲ, ಅದು ನನ್ನ ಪಾಲಿನ ಕಹಿ.

ಪೂಜ್ಯರು ಸತ್ಯವೇದ ತೆರೆದು ಒಮ್ಮೆ ಎಲ್ಲರನ್ನೂ ನೋಡಿದರು. “ಕೂಸಿನ ತಾಯಿ ಎಲ್ಲಿ?”

ಹಿರಿಯರೊಬ್ಬರು ಪಿಸುದನಿಯಲ್ಲಿ ವಿಷಯ ಹೇಳಿದರು. ಅಜ್ಜಾರು ಗ್ರಂಥವನ್ನು ಮುಚ್ಚಿ, ಕೆಳಗಿಳಿದು, ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಬಾಗಿಲ ಕಡೆಗೆ ನಡೆದರು. ಎಪ್ಪತ್ತು ದಾಟಿದ ಕೈಗಳು! ಮಾಸ್ತರು ಎದ್ದು, “ಅಜ್ಜಾರ, ವಚನ...” ಎಂದರು.

“ಆಕಿ ದೇವರ ಕಡೆ ಬರಬಾರದು ಅಂತ ಐತಿ. ದೇವರು ಆಕಿ ಕಡೆ ಹೋಗಬಾರದು ಅಂತ ಎಲ್ಲೈತಿ?”

ಹೊರಗೆ ಬಂದರೆ ಮೆಟ್ಟಿಲ ಬಳಿ ಯಾರೂ ಇರಲಿಲ್ಲ.

ಪೂಜ್ಯರು ಬಿಸಿಲಿನಲ್ಲಿ ಓಣಿ ಹಿಡಿದರು. ಮಗ್ಗದ ಸದ್ದು ಒಂದೊಂದೇ ಮನೆಯಲ್ಲಿ ನಿಂತಿತು. ಮಾಸ್ತರ ಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು. “ಮಾರ್ಥವ್ವಾ” ಎಂದು ಕರೆದರು.

“ಮೈಲಿಗಿ ಅದೀನ್ರಿ ಅಜ್ಜಾರ” ಎಂದು ಒಳಗಿನಿಂದ ದನಿ ಬಂತು. “ದೂರ ಸರೀರಿ. ನಿಮಗ ಹತ್ತೀತು.”

ಅಜ್ಜಾರು ಸರಿಯಲಿಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಬಳಿ ಬಾಗಿಲ ಚೌಕಟ್ಟಿಗೆ ಬೆನ್ನಾನಿಸಿ ಕುಳಿತರು. ಎಷ್ಟು ಹೊತ್ತೋ. ಯಾರೋ ಕೊಡೆ ಹಿಡಿಯಲು ಹೋದರೆ ತಲೆಯಾಡಿಸಿ ಬೇಡವೆಂದರು. ಕಡೆಗೆ ಅಗುಳಿ ಸರಿಯಿತು. ಮಾರ್ಥವ್ವ ಹೊಸ್ತಿಲ ಮೇಲೆಯೇ ಕುಕ್ಕರಿಸಿ, ಮುಚ್ಚಳ ತೆಗೆದು, ಮಗುವಿನ ತಲೆಯ ಕುಲಾಯಿ ಸರಿಮಾಡಿದರು. ಪೂಜ್ಯರು ಬಾಯಿಬಿಟ್ಟು ಪ್ರಾರ್ಥಿಸಲಿಲ್ಲ. ತಾಯಿ ತಾನಾಗಿ ಮುಚ್ಚಳ ಮುಚ್ಚುವವರೆಗೂ ತಲೆಬಾಗಿ ಕುಳಿತಿದ್ದರು. ಸಮಾಧಿಯವರೆಗೆ ಆ ಪೆಟ್ಟಿಗೆಯನ್ನು ಹೊತ್ತವರು ಮಾರ್ಥವ್ವನವರೇ. ಗಂಡ ಕೈ ಚಾಚಿದರೆ ಕೊಡಲಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆಯಲು ನನಗೂ ಆಸೆ. ಸರಿಹೋಗಲಿಲ್ಲ. ನಲವತ್ತು ತುಂಬಿದ ದಿನ ಹಿರಿಯರು ಮಾರ್ಥವ್ವನವರನ್ನು ದೇವಾಲಯಕ್ಕೆ ಕರೆಯಲು ಹೋದರು. “ಆವತ್ತು ಬೇಕಾಗಿತ್ತು” ಎಂದಷ್ಟೇ ಹೇಳಿ ಅವರು ಒಳಗೆ ಹೋದರು. ಗಂಡನೊಂದಿಗಂತೂ ಮಾತೇ ನಿಂತಿತ್ತು. ಅಡುಗೆ ಮಾಡಿ ಮುಚ್ಚಿಡುತ್ತಿದ್ದರು, ಅಷ್ಟೇ.

ಮಾಸ್ತರು ಸೊರಗಿಹೋದರು. ಒಂದು ಮುಂಜಾನೆ ಪೂಜ್ಯರ ಚಾಪೆಯ ಮುಂದೆ ಕುಳಿತು ಕೈಮುಗಿದರು. “ಅಜ್ಜಾರ, ಆಕಿ ನನ್ನ ಕ್ಷಮಿಸೋ ಅಂಥಾ ಒಂದು ವಚನ ಕೊಡ್ರಿ. ಓದಿ ಹೇಳತೀನಿ.”

ನಾನು ಅಲ್ಲೇ ಇದ್ದೆ. ಪೂಜ್ಯರು ಕಿಟಕಿಯ ಹೊರಗೆ ನೋಡಿದರು. ಮಾರ್ಥವ್ವ ಕೊಡ ಹಿಡಿದು ಸೇದುಬಾವಿಯ ಕಡೆ ಹೋಗುತ್ತಿದ್ದರು.

“ಅದಕ್ಕ ವಚನ ಇಲ್ಲ. ಹೋಗಿ ಆ ಕೊಡ ಇಸ್ಕೊಳ್ರಿ.”

ಮಾಸ್ತರು ಎದ್ದು ಹೋಗಿ ಬಾವಿಯ ಬಳಿ ಆ ಕೊಡ ಇಸಿದುಕೊಂಡರು. ಆ ಓಣಿಯಲ್ಲಿ ಗಂಡಸು ನೀರು ಹೊತ್ತದ್ದನ್ನು ಯಾರೂ ಕಂಡಿರಲಿಲ್ಲ, ಅದರಲ್ಲೂ ಕೋಟು ತೊಟ್ಟ ಹೆಡ್‌ಮಾಸ್ತರು! ಬಾವಿಕಟ್ಟೆಯ ಹೆಂಗಸರಿಗೆ ನಗಲು ಇದಕ್ಕಿಂತ ಬೇಕೆ? “ಗಂಡಸರು ಕೊಡ ಹೊರೂದು ಯಾವ ಅಧ್ಯಾಯದಾಗ ಐತ್ರಿ ಮಾಸ್ತರ?” ಎಂದು ಒಬ್ಬಾಕೆ ಕೂಗಿದಳು.

ಇದೆ. ಸ್ವಾಮಿಯು ಪಸ್ಕಹಬ್ಬದ ಊಟಕ್ಕೆ ಮನೆ ಹುಡುಕಲು ಶಿಷ್ಯರನ್ನು ಕಳಿಸುವಾಗ, ನೀರಿನ ಕೊಡ ಹೊತ್ತ ಗಂಡಸೊಬ್ಬನ ಹಿಂದೆ ಹೋಗಿರಿ ಎನ್ನುತ್ತಾರೆ. ಮಾರ್ಕನ ಸುವಾರ್ತೆ, ಹದಿನಾಲ್ಕನೆಯ ಅಧ್ಯಾಯ. ನನಗೇ ಗೊತ್ತಿದ್ದದ್ದು ಎಲೀಷ ಮಾಸ್ತರಿಗೆ ಗೊತ್ತಿರಲಿಲ್ಲವೇ? ಅವರು ಬಾಯಿ ತೆರೆಯಲಿಲ್ಲ. ತುಳುಕಿದ ನೀರಿನಲ್ಲಿ ಕೋಟು ತೋಯಿಸಿಕೊಂಡು ಮನೆಯ ತನಕ ನಡೆದರು. ನಾನು ಆ ಊರು ಬಿಡುವವರೆಗೂ ದಿನಾ ನಡೆದರು. ಮಾರ್ಥವ್ವ ಬಾಗಿಲಿಗೆ ಬಂದು ಕೊಡ ಇಳಿಸಿಕೊಳ್ಳುತ್ತಿದ್ದರು, ಮಾತಾಡುತ್ತಿರಲಿಲ್ಲ.