ನೇಕಾರನ ಕಷಾಯ

"ಗುರುಗಳೇ, ನನ್ನ ಜೊತೆಗಾರ ಗುರುಪಾದಯ್ಯನಿಗೆ ಮೌನವ್ರತ ಕೊಟ್ಟಿರಿ. ಅವನ ಮುಖದಲ್ಲಿ ಈಗ ಎಂಥ ಶಾಂತಿ! ನನಗೂ ಅದನ್ನೇ ಕೊಡಬಾರದೇ?"

ಶಿಷ್ಯ ಸಂಗಯ್ಯ ಇದನ್ನು ಕೇಳುತ್ತಿದ್ದುದು ಮೊದಲ ಸಲವಲ್ಲ. ಗುರುಗಳು ನಿಟ್ಟುಸಿರು ಬಿಟ್ಟು, "ಕುಳಿತುಕೋ" ಎಂದರು. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಅವನ ಬಳಿಗೆ ಒಬ್ಬ ನೇಕಾರ ಬಂದ. ತುಸು ನಡೆದರೂ ಅವನಿಗೆ ಎದೆ ಹಿಡಿಯುತ್ತಿತ್ತು. ವೈದ್ಯ ನಾಡಿ ನೋಡಿದ. ರಕ್ತ ಮಂದವಾಗಿದೆಯೆಂದು ತಿಳಿದು, ಒಣಕೊರಡಿನ ಮೇಲೆ ಬೆಳೆಯುವ ಕೆಂಪು ಮರದಣಬೆಯನ್ನು ಕೊಟ್ಟು, ಕಷಾಯ ಕಾಸಿ ಕುಡಿಯಲು ಹೇಳಿದ. ಮಳೆಗಾಲ ಕಳೆಯುವ ಹೊತ್ತಿಗೆ ನೇಕಾರ ಮತ್ತೆ ಮಗ್ಗಕ್ಕೆ ಕುಳಿತ.

ಅವನ ನೆರೆಮನೆಯ ವರ್ತಕ ಇದನ್ನು ನೋಡಿ ವೈದ್ಯನ ಜಗಲಿಗೆ ಬಂದ.

"ನೇಕಾರನ ಮದ್ದು ನನಗೂ ಕೊಡಿ."

"ನಿಮಗೇನು ಬೇನೆ?"

"ಏನೂ ಇಲ್ಲ. ಕಲ್ಲುಗುಂಡಿನ ಹಾಗಿದ್ದೇನೆ."

"ಹಾಗಾದರೆ ಮದ್ದೇಕೆ?"

"ಸಾಯುವವನಿಗೇ ಅಷ್ಟು ಬಲ ಬಂತು. ಗಟ್ಟಿಮುಟ್ಟಾದ ನನಗೆ ಇನ್ನೆಷ್ಟು ಬರಬೇಡ!"

ವೈದ್ಯ ಹಣೆ ಒತ್ತಿಕೊಂಡ. ಅಣಬೆಯ ಸತ್ವ ರಕ್ತವನ್ನು ತೆಳುವಾಗಿಸುತ್ತದೆ, ಸರಿಯಾಗಿ ಹರಿಯುವ ರಕ್ತಕ್ಕೆ ಅದು ಒಳ್ಳೆಯದಲ್ಲ ಎಂದು ಬಿಡಿಸಿ ಹೇಳಿದ. ಬಾಯಿ ನೋಯುವವರೆಗೆ ಹೇಳಿದ. ವರ್ತಕ ತಲೆಯಾಡಿಸುತ್ತಲೇ ಕೇಳಿದ. ವೈದ್ಯ ಜಿಪುಣನೆಂದುಕೊಂಡು ಎದ್ದು ಹೋದ. ಸೌದೆ ಕಡಿಯುವವನಿಂದ ಬುಟ್ಟಿ ತುಂಬ ಅಣಬೆ ತರಿಸಿ, ಹಗಲೂ ಇರುಳೂ ಕಷಾಯ ಕುಡಿದ.

ಒಂದು ಬೆಳಿಗ್ಗೆ ಕ್ಷೌರಿಕನ ಕತ್ತಿ ವರ್ತಕನ ಗಲ್ಲಕ್ಕೆ ತಾಗಿತು. ಸಣ್ಣ ಗೀರು. ಆದರೆ ರಕ್ತ ನಿಲ್ಲಲಿಲ್ಲ. ಒತ್ತಿದ ಬಟ್ಟೆಗಳೆಲ್ಲ ನೆನೆದವು. ಹೆಂಡತಿ ಅಳುತ್ತ ವೈದ್ಯನಲ್ಲಿಗೆ ಓಡಿದಳು.

ವೈದ್ಯ ಬಂದ. ಬೈಯಬೇಕೆಂದುಕೊಂಡಿದ್ದ, ಬಿಳಿಚಿದ ಮುಖ ಕಂಡು ಸುಮ್ಮನಾದ. ಗಾಯಕ್ಕೆ ರಕ್ತ ಕಟ್ಟುವ ಪಟಿಕದ ಪುಡಿ ತುಂಬಿ, ಗಲ್ಲವನ್ನು ಒತ್ತಿ ಹಿಡಿದು ಕುಳಿತ. ಕೈ ಜೋಮು ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ರಕ್ತ ನಿಂತಿತು.

ವರ್ತಕ ಮೆಲ್ಲನೆ ಕಣ್ಣು ತೆರೆದ. ವೈದ್ಯನ ಕೈ ಹಿಡಿದುಕೊಂಡ. "ಎಂಥ ಮದ್ದು ಸ್ವಾಮಿ ಇದು! ಈ ಪುಡಿಯನ್ನೇ ಇನ್ನಷ್ಟು ಕೊಟ್ಟುಹೋಗಿ. ದಿನಾ ಬೆಳಿಗ್ಗೆ ನೀರಿಗೆ ಹಾಕಿ ಕುಡಿಯುತ್ತೇನೆ."

ವೈದ್ಯ ಕೈ ಬಿಡಿಸಿಕೊಂಡು ಎದ್ದ. ಮದ್ದಿನ ಚೀಲವನ್ನು ಅಲ್ಲಿಯೇ ಮರೆತು ಮನೆಗೆ ನಡೆದ.

ಸಂಗಯ್ಯ ಬಿದ್ದು ಬಿದ್ದು ನಕ್ಕ. "ಇಂಥ ಮೂಢರೂ ಇರುತ್ತಾರೆಯೇ, ಗುರುಗಳೇ?"

ಗುರುಗಳು ಅವನನ್ನೇ ನೋಡಿದರು.

"ಗುರುಪಾದಯ್ಯನ ಮದ್ದನ್ನು ಆಮೇಲೆ ಕೇಳುವೆಯಂತೆ, ಮೊದಲು ನಿನ್ನ ಬೇನೆ ಯಾವುದು ಹೇಳು."