ಒಂದು ಸುತ್ತಿನ ತಪ್ಪು

ಮಲಪ್ರಭೆಯ ದಂಡೆಗೆ ದಾವಲಸಾಬರ ಶೆಡ್ಡು. ಹಳೇ ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಅವರದು ಪಳಗಿದ ಕೈ. ಮಾತು ಮಾತ್ರ ಬಲು ತುಟ್ಟಿ. ಒಂಬತ್ತು ವರ್ಷದಿಂದ ಅವರ ಕೈಕೆಳಗೆ ಕಲಿತ ಶಿಷ್ಯ ಶರಣಬಸು.

ಅಂದು ನೀಲವ್ವನ ಟ್ರ್ಯಾಕ್ಟರಿಗೆ ಡೀಸೆಲ್ ಪಂಪು ಕೂರಿಸಬೇಕಿತ್ತು. ಪೇಟೆಯ ಮೋನಪ್ಪ ಅದನ್ನು ಪೂರಾ ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟಿದ್ದ. ಶರಣಬಸು ಎಂಜಿನ್ ತಿರುಗಿಸಿ ಅದರ ಗುರುತಿಗೆ ಪಂಪಿನ ಗುರುತು ಕೂಡಿಸಿದ, ಬೋಲ್ಟು ಬಿಗಿದ, ಚಾವಿ ತಿರುವಿದ.

ಬಿಳಿ ಹೊಗೆ ಬಂತು. ಎಂಜಿನ್ ಚಾಲೂ ಆಗಲಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನದೂ ಅದೇ ಕಥೆ. ಫೋನ್ ಹಚ್ಚಿ, ಶೆಡ್ಡಿನಲ್ಲಿದ್ದವರೆಲ್ಲ ಕೇಳುವಂತೆ ಮೋನಪ್ಪನನ್ನು ಬೈದ.

"ಪಂಪು ಕಟ್ಟಾಕ ಬರೂದಿಲ್ಲಂದ್ರ ಅಂಗಡಿ ಮುಚ್ಚು."

ಅಷ್ಟಂದು ಫೋನ್ ಇಟ್ಟ. ಪಕ್ಕದಲ್ಲೇ ನಿಂತಿದ್ದ ನೀಲವ್ವ ಅಂದಳು, "ಇನ್ನ ಅವನ ಕಡೆ ಯಾರೂ ಹೋಗಬ್ಯಾಡ್ರಿ." ಅಲ್ಲಿ ಕೂತಿದ್ದ ಮೂವರು ರೈತರು ಹೂಂ ಅಂದರು.

ದಾವಲಸಾಬರು ಎದ್ದು ಬಂದರು.

"ಗುರುತು ಕೂಡಿಸಿದೇನು?"

"ಕೂಡಿಸೀನ್ರಿ ಉಸ್ತಾದ್. ಕೂದಲೆಳಿಯಷ್ಟೂ ಆಚೀಚಿ ಇಲ್ಲ."

"ಒಂದನೇ ಸಿಲಿಂಡರಿನ ನಾಝಲ್ ತಗಿ. ಆ ತೂತಿಗೆ ಹೆಬ್ಬೆರಳು ಒತ್ತಿ ಹಿಡಿ."

ಉಸ್ತಾದರು ಎಂಜಿನನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರು. ಅವನು ಕೂಡಿಸಿದ್ದ ಗುರುತುಗಳು ಎದುರುಬದುರು ಬಂದವು. ಬೆರಳಿಗೆ ಏನೂ ತಾಗಲಿಲ್ಲ.

ಇನ್ನೊಂದು ಸುತ್ತು ತಿರುಗಿಸಿದರು. ಎಂಜಿನಿನ ಗುರುತು ಮತ್ತೆ ಅದೇ ಜಾಗಕ್ಕೆ ಬಂತು. ಈ ಸಲ ಒಳಗಿನ ಗಾಳಿ ಬೆರಳನ್ನು ಎತ್ತಿ ಒಗೆಯಿತು.

"ಗುರುತು ಎರಡು ಸಲ ಬರ್ತದ," ಅಂದರು ಉಸ್ತಾದರು. "ಉಸಿರು ಬಿಗಿಯೂದು ಒಂದ ಸಲ."

ಶರಣಬಸುವಿನ ಮುಖ ಕಪ್ಪಿಟ್ಟಿತು. ಎಂಜಿನ್ ಉಸಿರು ಬಿಗಿದಾಗ, ಅಂದರೆ ಒಳಗಿನ ಗಾಳಿ ಒತ್ತಿಕೊಂಡಾಗ, ಚಿಮ್ಮಬೇಕಾದ ಡೀಸೆಲ್ಲು, ಇವನು ಕೂರಿಸಿದ ರೀತಿಗೆ, ಹೊಗೆ ಹೊರಗೆ ಹೋಗುವ ಹೊತ್ತಿಗೆ ಚಿಮ್ಮುತ್ತಿತ್ತು. ಮೋನಪ್ಪನ ಕೆಲಸದಲ್ಲಿ ಒಂದು ಕುಂದೂ ಇರಲಿಲ್ಲ.

ಪಂಪು ಬಿಚ್ಚಿ ಮತ್ತೆ ಕೂರಿಸಿದ. ಎಂಜಿನ್ ಚಾಲೂ ಆಯಿತು. ನೀಲವ್ವ ಖುಷಿಯಿಂದ ಸೀಟು ಹತ್ತಿದಳು. ರೈತರೂ ಹೊರಡಲು ಎದ್ದರು.

ಶರಣಬಸು ಫೋನ್ ತೆಗೆದುಕೊಂಡು ಹೊಳೆಯ ಕಡೆಗೆ ನಡೆದ.

"ಎಲ್ಲಿಗೆ?" ಉಸ್ತಾದರು ಕೇಳಿದರು.

"ಮೋನಪ್ಪಣ್ಣಗ ತಪ್ಪಾತಂತ ಹೇಳಿ ಬರ್ತೀನ್ರಿ."

ಉಸ್ತಾದರು ಎಂಜಿನ್ ಬಂದ್ ಮಾಡಿದರು. ನೀಲವ್ವನಿಗೂ ಆ ಮೂವರಿಗೂ ನಿಲ್ಲಿ ಎಂದು ಕೈಸನ್ನೆ ಮಾಡಿದರು.

"ಇಲ್ಲೇ ನಿಂತು ಹೇಳು. ಮಂದಿ ಮುಂದ ಕಳದ ಮಾನ ಕಿವ್ಯಾಗ ಹೇಳಿದ್ರ ತಿರುಗಿ ಬರೂದಿಲ್ಲ."