ಕಣಕ್ಕೆ ಬೆನ್ನು ಮಾಡಿ ಕುಳಿತವನು

ಹೊಳೆಯ ದಂಡೆಗೆ ಒಂದು ಗರಡಿಮನೆ. ಇಮಾಮಸಾಬ ವಸ್ತಾದರು ಅಲ್ಲಿ ಕುಸ್ತಿ ಕಲಿಸುತ್ತಿದ್ದರು.

ಆ ಗರಡಿಗೆ ಎರಡು ಕಟ್ಟಳೆ ಇದ್ದವು. ಕಣಕ್ಕೆ ಇಳಿಯುವ ಮೊದಲು ವಸ್ತಾದರ ಕೈಯಿಂದ ಒಂದು ಹಿಡಿ ಮಣ್ಣು ಇಸಿದುಕೊಳ್ಳಬೇಕು. ಮಣ್ಣು ಸಿಗದವನು ಇಳಿಯುವಂತಿಲ್ಲ. ಗೆದ್ದ ಮೇಲೆ ಬಿದ್ದವನನ್ನು ಎಬ್ಬಿಸಿ, ಅವನ ಬೆನ್ನಿಗೆ ಹತ್ತಿದ ಮಣ್ಣನ್ನು ಗೆದ್ದವನೇ ಒರೆಸಬೇಕು.

ಇದರಲ್ಲಿ ದೊಡ್ಡ ಧರ್ಮವೇನೂ ಇಲ್ಲ ಎನ್ನುತ್ತಿದ್ದರು ವಸ್ತಾದರು. ಕುಸ್ತಿಗೆ ಇಬ್ಬರು ಬೇಕು. ಎದುರಿನವನು ಬೇಸತ್ತು ಮನೆಯಲ್ಲಿ ಕುಳಿತರೆ ನೀನು ಯಾರನ್ನು ಹಿಡಿಯುತ್ತೀ?

ಶಿಷ್ಯರಲ್ಲಿ ಪರಸು ಬಲ ಉಳ್ಳವನು. ಎದುರಾಳಿಯನ್ನು ತಲೆಗಿಂತ ಮೇಲೆ ಎತ್ತಿ, ಗಾಳಿಯಲ್ಲಿ ಒಂದು ಗಳಿಗೆ ಹಿಡಿದು, ಆಮೇಲೆ ಒಗೆಯುತ್ತಿದ್ದ. ಆ ಒಂದು ಗಳಿಗೆ ಕುಸ್ತಿಗೆ ಬೇಕಾದದ್ದಲ್ಲ. ನೋಡುವ ಮಂದಿಗೆ ಬೇಕಾದದ್ದು.

ಒಮ್ಮೆ ಹೊಳೆಯ ಆಚೆ ದಂಡೆಯಲ್ಲಿ ಕುಸ್ತಿ ಇತ್ತು. ವಸ್ತಾದರಿಗೆ ಮೊಣಕಾಲು ನೋವು. ಗರಡಿಯಲ್ಲೇ ಮಣ್ಣು ಕೊಟ್ಟು ಪರಸುವನ್ನು ಕಳಿಸಿದರು.

ಸಂಜೆ ಅವನು ಮೈತುಂಬ ಗುಲಾಲು ಮೆತ್ತಿಕೊಂಡು ಬಂದ.

“ವಸ್ತಾದ್ರ, ಮಂದಿ ಹೆಂಗ ಒದರಿದ್ರು, ಕೇಳಿದ್ರೇನ್ರಿ?”

“ಹೊಳಿ ಈ ಕಡಿಗೂ ಕೇಳಿಸ್ತು.”

“ಹಂಗ ಒಗದಿದ್ದೆ ನೋಡ್ರಿ!”

“ಬಿದ್ದವಗ ಏನಾತು?”

“ಭುಜ ಸರದೈತಂತ. ಬರೋ ದಾರಿಯಾಗ ಯಾರೋ ಅಂದ್ರು.”

“ಬೆನ್ನು ಒರಸಿದಿ?”

ಪರಸು ತಲೆ ಕೆರೆದುಕೊಂಡ.

“ಮಂದಿ ಎಲ್ಲಿ ಬಿಟ್ರು ರೀ? ನೆಲಕ್ಕ ಕಾಲು ಊರಾಕ ಕೊಡಲಿಲ್ಲ. ಹೆಗಲ ಮ್ಯಾಲ ಹೊತ್ಕೊಂಡು ಹೋದ್ರು.”

“ಅವರು ಯಾತಕ್ಕ ಒದರಿದ್ರು? ನೀ ಒಗದಿದ್ದಕ್ಕೋ, ಅವನ ಭುಜ ಸರದಿದ್ದಕ್ಕೋ?”

“ಎರಡೂ ಒಂದೇ ಅಲ್ಲೇನ್ರಿ?”

ವಸ್ತಾದರು ಮೂಲೆಯಲ್ಲಿದ್ದ ಸಲಿಕೆ ತೋರಿಸಿದರು. ಪರಸು ಗುಲಾಲು ತೊಳೆಯದೆ ಗರಡಿಯ ಮಣ್ಣು ಕೆದರತೊಡಗಿದ.

ಮರುದಿನ ವಸ್ತಾದರು ಕುಂಟುತ್ತಲೇ ದೋಣಿ ಹತ್ತಿ ಆಚೆ ದಂಡೆಗೆ ಹೋಗಿಬಂದರು. ಯಾಕೆಂದು ಹೇಳಲಿಲ್ಲ. ಪರಸು ಕೇಳಲೂ ಇಲ್ಲ.

ತಿಂಗಳು ಕಳೆಯಿತು. ಈಗ ಅವರ ದಂಡೆಯಲ್ಲೇ ದೊಡ್ಡ ಕುಸ್ತಿ. ಕೊನೆಯ ಜೋಡಿ ಪರಸುವಿಗೂ ಮಿರಜದ ಒಬ್ಬ ಪೈಲವಾನನಿಗೂ. ಅಂಥ ಜೋಡಿ ಸಿಗಲೆಂದು ಪರಸು ವರ್ಷಗಟ್ಟಲೆ ಕಾದಿದ್ದ. ಗೆದ್ದರೆ ಆ ಸೀಮೆಗೆಲ್ಲ ಅವನೇ ಮೊದಲಿಗ. ಇಳಿಯದಿದ್ದರೆ ಹೆದರಿದ ಎನ್ನುತ್ತಾರೆ. ಮತ್ತೆ ಯಾರೂ ಕರೆಯುವುದಿಲ್ಲ.

ವಸ್ತಾದರು ಆ ವಾರ ಇನ್ನೊಮ್ಮೆ ದೋಣಿ ಹತ್ತಿ ಹೋಗಿಬಂದರು.

ಕುಸ್ತಿಯ ದಿನ ಪರಸು ಲಂಗೋಟಿ ಬಿಗಿದುಕೊಂಡು ಬಂದು ಬೊಗಸೆ ಒಡ್ಡಿದ.

“ನಿನ್ನ ಜೋಡಿ ಕೊನೀಕ,” ಎಂದರು ವಸ್ತಾದರು. “ಅಲ್ಲೀಮಟ ಒಂದು ಕೆಲಸ ಮಾಡು. ಕಣಕ್ಕ ಬೆನ್ನು ಮಾಡಿ ಕೂಡು. ಮಂದಿ ಮಾರಿ ನೋಡು. ಕಣದಾಗ ಏನು ನಡದೈತಿ ನನಗ ಹೇಳು. ಬರೋಬರಿ ಹೇಳಿದ್ರ ಮಣ್ಣು.”

“ಇಲ್ಲಂದ್ರ?”

“ಅಂಗಿ ಹಾಕ್ಕೊಂಡು ಮನೀಗೆ ಹೋಗು.”

ಕಣದ ಅಂಚಿಗೆ ಇಬ್ಬರೂ ಕುಳಿತರು. ವಸ್ತಾದರ ಮುಖ ಕಣದ ಕಡೆ. ಪರಸುವಿನ ಮುಖ ಮಂದಿಯ ಕಡೆ.

“ಏ ಪರಸು,” ಎಂದ ಮುಂದಿನ ಸಾಲಿನ ದಪ್ಪ ಮೀಸೆಯವನೊಬ್ಬ. “ನಮ್ಮ ಮಾರಿ ಮ್ಯಾಲ ಕುಸ್ತಿ ನಡದೈತೇನೋ?”

“ನಿನ್ನ ಮೀಸಿಗೆ ದೃಷ್ಟಿ ಹಾಕಾಕತ್ತಾನ ಬಿಡೋ!” ಎಂದ ಪಕ್ಕದವನು.

ತಮಟೆಯಂಥ ಹಲಗೆ ಬಡಿಯಿತು. ಮೊದಲ ಜೋಡಿ ಇಳಿಯಿತು. ಸ್ವಲ್ಪ ಹೊತ್ತಿಗೆ ಮಂದಿಯ ಕಣ್ಣು ಅರಳಿದವು, ಬಾಯಿ ತೆರೆದವು, ಕೈ ಮೇಲೆದ್ದವು.

“ಒಗದ್ರಿ!” ಎಂದ ಪರಸು. “ಎತ್ತಿ ಒಗದ!”

“ಇಲ್ಲ. ಒಬ್ಬನ ಮೂಗು ಒಡದು ರಕ್ತ ಬಂತು.”

ಎರಡನೆಯ ಜೋಡಿ. ಮಂದಿ ಅಯ್ಯಯ್ಯೋ ಎಂದು ತಲೆಯ ಮೇಲೆ ಕೈ ಇಟ್ಟರು.

“ಯಾರಿಗೋ ಪೆಟ್ಟು ಹತ್ತಿತ್ರಿ. ಜೋರಾಗೇ ಹತ್ತೈತಿ.”

“ಇಲ್ಲ. ಹಲಗಿ ಬಾರಿಸಾವ ಕಾಲು ಜಾರಿ ಕಣದಾಗ ಬಿದ್ದ.”

ಮೂರನೆಯ ಜೋಡಿಗೆ ಮಂದಿ ಎದ್ದೇ ನಿಂತರು. ಸಿಳ್ಳೆ ಹಾಕಿದರು. ಯಾರದೋ ರುಮಾಲು ಮೇಲೆ ಹಾರಿತು. ಪರಸು ತಾನೂ ಚಪ್ಪಾಳೆ ತಟ್ಟಿದ.

“ಈಗ ಖರೇನ ಒಗದಾನ!”

“ಒಗದ. ಆದ್ರ ಬಿದ್ದವ ಇನ್ನೂ ಎದ್ದಿಲ್ಲ. ನಾಕ ಮಂದಿ ಎತ್ಕೊಂಡು ಹೊಂಟಾರ. ಅದನ್ನ ನೀ ಹೇಳಲಿಲ್ಲ.”

“ಅದು ಮಾರಿ ಮ್ಯಾಲ ಕಾಣಲಿಲ್ರಿ.” ಪರಸು ಬೆವರು ಒರೆಸಿಕೊಂಡ. “ಒಗದ್ರೂ ಇದೇ ಮಾರಿ, ಮುರದ್ರೂ ಇದೇ ಮಾರಿ. ಇವರನ್ನ ನೋಡಿ ಏನು ಹೇಳ್ಲಿ ನಾ?”

“ಸಂತ್ಯಾಗ ಕೂಗಿದವರೆಲ್ಲ ಗಿರಾಕಿ ಏನು?” ಎಂದು ವಸ್ತಾದರು ಎಲೆಯಡಿಕೆಯ ಚೀಲ ಬಿಚ್ಚಿದರು.

ಮಾಲಿನ ಗುರುತು ಹತ್ತದವನು ಸಂತೆಯಲ್ಲಿ ಒಂದು ಕೆಲಸ ಮಾಡುತ್ತಾನೆ. ಗುರುತು ಬಲ್ಲ ಒಬ್ಬನನ್ನು ಹುಡುಕಿ ಅವನ ಹಿಂದೆ ನಿಲ್ಲುತ್ತಾನೆ. ಪರಸುವೂ ಅದನ್ನೇ ಮಾಡಿದ. ಸಾಲು ಸಾಲು ಮುಖಗಳನ್ನು ಹುಡುಕಿದ.

ಎಡಗಡೆ, ಎರಡನೆಯ ಸಾಲಿನಲ್ಲಿ ಒಬ್ಬ ಇದ್ದ. ಬಿಳಿ ರುಮಾಲು. ಬಲಗೈಯನ್ನು ಎದೆಗೆ ಬಟ್ಟೆಯಿಂದ ಕಟ್ಟಿಕೊಂಡಿದ್ದ. ಸುತ್ತಲಿನವರು ಒದರಿದರೂ ಅವನು ಒದರಲಿಲ್ಲ. ಒಮ್ಮೆ ದವಡೆ ಬಿಗಿಯುತ್ತಿದ್ದ. ಒಮ್ಮೆ ಸಣ್ಣಗೆ ತಲೆ ತೂಗುತ್ತಿದ್ದ. ಒಮ್ಮೊಮ್ಮೆ ಅವನ ಎಡಗೈ ತಾನಾಗಿಯೇ ಬಲಭುಜಕ್ಕೆ ಹೋಗುತ್ತಿತ್ತು, ಮಂದಿ ಒದರುವುದಕ್ಕೂ ಮೊದಲೇ.

ಪರಸು ಅವನ ಮೇಲೆ ಕಣ್ಣಿಟ್ಟ.

“ಪಟ್ಟು ಬಿದ್ದೈತ್ರಿ,” ಎಂದ. “ಬಿಗೀತು... ಬೆನ್ನು ನೆಲಕ್ಕ ಹತ್ತಿತು. ಯಾರಿಗೂ ಪೆಟ್ಟಿಲ್ಲ.”

“ಬರೋಬರಿ.”

ಮುಂದಿನ ಜೋಡಿಗೆ ಮಂದಿ ಕುಣಿದಾಡಿದರು. ಪರಸು ಅವರನ್ನು ನೋಡಲಿಲ್ಲ. ಕೈ ಕಟ್ಟಿಕೊಂಡವನ ಎಡಗೈ ಈ ಸಲ ಮೊಣಕಾಲಿಗೆ ಹೋಗಿತ್ತು.

“ಕೆಳಗಿನವನ ಕಾಲು ತಿರುವೈತ್ರಿ. ನಿಲ್ಲಸಾಕ ಹೇಳ್ರಿ.”

“ನಿಲ್ಲಿಸ್ಯಾರ.”

ಅಲ್ಲಿಂದ ಮುಂದೆ ಒಂದೂ ತಪ್ಪಲಿಲ್ಲ.

“ಈಗ ಹೆಂಗ ತಿಳಿಯಾಕತ್ತಿತು?” ಎಂದರು ವಸ್ತಾದರು.

“ಇಷ್ಟೂ ಮಂದೀನ ಬಿಟ್ಟೆ. ಅಲ್ಲಿ ಕೈ ಕಟ್ಟಿಕೊಂಡಾವ ಅದಾನಲ್ರಿ, ಅವನೊಬ್ಬನ್ನ ನೋಡಾಕತ್ತೀನಿ. ಕುಸ್ತಿ ಬಲ್ಲಾವ.”

“ಯಾರಂವ?”

“ಯಾರೋ ಏನೋ. ಎಂದೂ ನೋಡಿಲ್ರಿ.”

“ಎಂದೂ ನೋಡಿಲ್ಲ?”

“ಇಲ್ರಿ.”

“ಅಂವ ಆಚೆ ದಂಡಿ ದುಂಡಪ್ಪ. ಹೋದ ತಿಂಗಳ ನೀ ಎತ್ತಿ ಒಗದಾವ.”

ಪರಸು ಆ ದಿನವನ್ನು ನೆನೆದ. ಎತ್ತಿದಾಗಿನ ಭಾರ ನೆನಪಿತ್ತು. ಬೇವಿನ ಮರ ಹತ್ತಿ ಸಿಳ್ಳೆ ಹಾಕಿದವರು ನೆನಪಿದ್ದರು. ತನ್ನ ಕೈಯೊಳಗೆ ಇದ್ದವನ ಮುಖ ಎಷ್ಟು ಹುಡುಕಿದರೂ ಸಿಗಲಿಲ್ಲ.

ಹಲಗೆ ಬಡಿಯಿತು. ಕೊನೆಯ ಜೋಡಿಯ ಹೆಸರು ಕೂಗಿದರು. ಮಿರಜದವನು ತೊಡೆ ತಟ್ಟಿ ಕಣಕ್ಕೆ ಇಳಿದ.

“ಪರಸು, ಎತ್ತಿ ಒಗಿಯೋ!” ಎಂದರು ಮಂದಿ. “ಅವತ್ತಿನ ಹಂಗ ಒಗಿ!”

ಪರಸು ಬೊಗಸೆ ಒಡ್ಡಿದ. ವಸ್ತಾದರು ಕೈ ಮುಂದೆ ಮಾಡಲಿಲ್ಲ.

“ಬರೋಬರಿ ಹೇಳಿದ್ನಲ್ರಿ?”

“ನೀ ಎಲ್ಲಿ ಹೇಳಿದಿ? ಅವನ ಮಾರಿ ಹೇಳ್ತು. ಮಣ್ಣು ಅವನ ಕಡೀಂದ ಇಸ್ಕೋ.”

ಪರಸು ಕುಳಿತವರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಎರಡನೆಯ ಸಾಲಿಗೆ ಹೋದ. ದುಂಡಪ್ಪ ಏಳಲಿಲ್ಲ.

“ಅಣ್ಣಾ, ಅವತ್ತು ನಿನ್ನ ಬೆನ್ನು ಒರಸಲಿಲ್ಲ.”

“ತಿಂಗಳಾತಲ್ಲೋ. ನನ್ನ ಹೆಂಡ್ತಿ ತೊಳದ್ಲು.”

ಸುತ್ತಲಿನವರು ನಕ್ಕರು. ಪರಸು ನಿಂತೇ ಇದ್ದ.

“ಭುಜ ಹೆಂಗೈತಿ?”

“ಕುಡಗೋಲು ಹಿಡಿಯಾಕ ಬರ್ತೈತಂತ. ಕುಸ್ತಿ ಮುಗೀತು.”

ಆಗ ಯಾರೂ ನಗಲಿಲ್ಲ. ಕಣದ ಕಡೆಯಿಂದ ಪರಸುವಿನ ಹೆಸರು ಇನ್ನೊಮ್ಮೆ ಕೂಗಿದರು.

“ಹೋಗು, ಕರ್ಯಾಕತ್ತಾರ,” ಎಂದ ದುಂಡಪ್ಪ. “ಇಲ್ಲಿ ಯಾಕ ನಿಂತಿ?”

“ನಿನ್ನ ಕಡೀಂದ ಮಣ್ಣು ಇಸ್ಕೊಂಡು ಬಾ ಅಂದ್ರು ವಸ್ತಾದ್ರು.”

“ಅವರು ಅಂದ್ರು. ನೀ ಏನಂತಿ?”

ಪರಸು ಅವನ ಮುಖ ನೋಡಿದ. ಆಮೇಲೆ ಅಂದ:

“ಅವತ್ತು ನಿನ್ನ ಮಾರಿ ನೋಡಲಿಲ್ಲ ಅಣ್ಣಾ. ಮಂದೀನ ನೋಡಿದೆ.”

ದುಂಡಪ್ಪ ಬಗ್ಗಿ, ಎಡಗೈಯಿಂದ ಒಂದು ಹಿಡಿ ಮಣ್ಣು ಬಾಚಿ, ಪರಸುವಿನ ಬೊಗಸೆಗೆ ಹಾಕಿದ.

“ಮಿರಜದವನ ಎಡಗಾಲು ಸೊಟ್ಟ ಬೀಳ್ತೈತಿ,” ಎಂದ. “ಹಳೇ ಪೆಟ್ಟು. ಗೊತ್ತಿರಲಿ.”

ಎಲ್ಲಿ ಹಿಡಿಯಬೇಕೆಂದು ಹೇಳಿದನೋ, ಎಲ್ಲಿ ಹಿಡಿಯಬಾರದೆಂದು ಹೇಳಿದನೋ, ಪರಸು ಕೇಳಲಿಲ್ಲ. ಮಣ್ಣು ಮೈಗೆ ಸವರಿಕೊಂಡು ಕಣಕ್ಕೆ ಇಳಿದ.

ವಸ್ತಾದರು ಕುಳಿತಲ್ಲೇ ತಿರುಗಿದರು. ಈಗ ಅವರ ಬೆನ್ನು ಕಣಕ್ಕೆ, ಮುಖ ಮಂದಿಗೆ.

“ಏನ್ರಿ ವಸ್ತಾದ್ರ!” ಎಂದ ಮೀಸೆಯವನು. “ನಿಮ್ಮ ಶಿಷ್ಯನ ಜೋಡಿ, ನೀವು ಈ ಕಡಿ ಮಾರಿ ಮಾಡಿ ಕುಂತೀರಿ?”

ವಸ್ತಾದರು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ಹಿಂದೆ ಮಣ್ಣಿನಲ್ಲಿ ಕಾಲುಗಳ ಸದ್ದು. ಮೈಗೆ ಮೈ ಬಡಿದ ಸದ್ದು. ಉಸಿರು. ಆಮೇಲೆ ಮಂದಿಯೆಲ್ಲ ಒಮ್ಮೆಲೇ ಎದ್ದು ನಿಂತರು.

“ಎತ್ತಿದ! ಎತ್ತಿದ!”

ಮೀಸೆಯವನು ಕುಣಿಯುತ್ತ ವಸ್ತಾದರ ಮುಂದೆಯೇ ಬಂದು ನಿಂತ.

“ತಲಿ ಮ್ಯಾಲ ಎತ್ಯಾನ ರೀ! ತಿರುಗಿ ನೋಡ್ರಿ! ಗಾಳ್ಯಾಗ ಹಿಡದಾನ!”

ವಸ್ತಾದರ ಕೈಯ ಎಲೆ ಅರ್ಧಕ್ಕೇ ನಿಂತಿತು. ಅವರು ತಿರುಗಲಿಲ್ಲ.

“ಸರಿಯೋ ಆ ಕಡಿ,” ಎಂದರು. “ದುಂಡಪ್ಪನ ಮಾರಿ ಕಾಣವಲ್ದು.”